ಬಾಲ್ ಪೈಥಾನ್ ಬಿಟ್ಟು ಬೇರೆ ಹೆಬ್ಬಾವು ಸಾಕುವ ಆಸೆಯೇ? ಯಾವುದು ಯಾರ ಮನೆಗೆ ಸರಿ

"ಬಾಲ್ ಪೈಥಾನ್ ಎಲ್ಲರ ಹತ್ರಾನೂ ಇದೆ, ನಂಗೆ ಸ್ವಲ್ಪ ಬೇರೆ ಥರದ್ದು ಬೇಕು." ಅಮೆರಿಕದಲ್ಲಿರುವ ನಮ್ಮವರಲ್ಲಿ ಹಾವಿನ ಹುಚ್ಚು ಹಿಡಿದವರು ಕೇಳುವುದು ಹೆಚ್ಚುಕಡಿಮೆ ಹೀಗೆಯೇ. ಬಾಲ್ ಪೈಥಾನ್ ಅಂದರೆ ಮನೆಗಳಲ್ಲಿ ಹೆಚ್ಚಾಗಿ ಸಾಕುವ, ಆಫ್ರಿಕಾ ಮೂಲದ ಚಿಕ್ಕ ಹೆಬ್ಬಾವು. ಜೊತೆಗೆ ಮೂರು ಫೋಟೋ ಕಳಿಸುತ್ತಾರೆ: ಗ್ರೀನ್ ಟ್ರೀ ಪೈಥಾನ್, ವೋಮಾ, ಬ್ಲಡ್ ಪೈಥಾನ್. ಮೂರರಲ್ಲಿ ಯಾವುದು ತಗೊಳ್ಳಲಿ ಅಂತ.

ಫೋಟೋದಲ್ಲಿ ಮೂರೂ ಚೆಂದವೇ. ಆದರೆ ಒಂದು ಮಳೆಕಾಡಿನ ಕೊಂಬೆಯ ಮೇಲಿನದು, ಒಂದು ಒಣ ಮರಳಿನದು, ಇನ್ನೊಂದು ಜೌಗು ನೆಲದ್ದು. ಮೂರಕ್ಕೂ ಹಿಡಿಸುವ ಗಾಳಿ ಒಂದೇ ಮನೆಯಲ್ಲಿ ಇರುವುದಿಲ್ಲ. ಹಾಗಾಗಿ ನಾನು ಮೊದಲು ಹಾವಿನ ವಿಷಯಕ್ಕೇ ಹೋಗುವುದಿಲ್ಲ. ನೀವಿರುವುದು ಯಾವ ಊರು? ಚಳಿಗಾಲದಲ್ಲಿ ಹೀಟರ್ ಹಾಕಿದಾಗ ಮನೆ ಎಷ್ಟು ಒಣಗುತ್ತದೆ? ಇಂಡಿಯಾಕ್ಕೆ ಹೋದರೆ ಎಷ್ಟು ವಾರ ಇರುತ್ತೀರಿ? ಇಷ್ಟು ಗೊತ್ತಾದರೆ ಅರ್ಧ ಪಟ್ಟಿ ತಾನೇ ಉದುರಿಹೋಗುತ್ತದೆ.

ಮೊದಲು ಕಾನೂನು

ಕರ್ನಾಟಕದಲ್ಲಿ ಕೂತು ಓದುತ್ತಿರುವವರಿಗೆ ನೇರವಾಗಿ ಹೇಳಿಬಿಡುತ್ತೇನೆ. ನಮ್ಮ ಹೆಬ್ಬಾವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿದೆ. ಹಿಡಿಯುವಂತಿಲ್ಲ, ಸಾಕುವಂತಿಲ್ಲ, ಮಾರುವಂತಿಲ್ಲ. ತೋಟದಲ್ಲಿ ಮರಿ ಸಿಕ್ಕಿದರೂ ಅರಣ್ಯ ಇಲಾಖೆಗೆ ಫೋನ್ ಮಾಡಬೇಕು, ಅಷ್ಟೇ. ಇನ್ನು ವಿದೇಶಿ ಜಾತಿಗಳು. ಹೆಬ್ಬಾವುಗಳ ಎಲ್ಲ ಜಾತಿಗಳೂ ವನ್ಯಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ. ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಯಿತು, 2024ರಲ್ಲಿ ಅದಕ್ಕೆ ನಿಯಮಗಳು ಬಂದವು. ಅದರ ಪ್ರಕಾರ ಇಂಥ ಪ್ರಾಣಿ ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಲೇಬೇಕು. 2023ರ ಸೆಪ್ಟೆಂಬರ್‌ನಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಲಗೇಜಿನೊಳಗೆ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ ಸಿಕ್ಕಿದ್ದು ನೆನಪಿರಬಹುದು. ಅದೇ ಸಾಮಾನಿನಲ್ಲಿದ್ದ ಕಪುಚಿನ್ ಕೋತಿಗಳು ಸತ್ತೇ ಹೋಗಿದ್ದವು. ಕಾಗದ ಪತ್ರ ಇಲ್ಲದೆ "ಸರ್, ಒಳ್ಳೆ ಪೀಸು" ಅಂತ ಕೈಗೆ ಬರುವ ಹಾವು ಇಂಥ ದಾರಿಯಲ್ಲೇ ಬಂದಿರುವ ಸಾಧ್ಯತೆ ಜಾಸ್ತಿ. ಬೇಡ.

ಹಾಗಾಗಿ ಮುಂದಿನದೆಲ್ಲ ಹೊರದೇಶದಲ್ಲಿ ಇರುವವರಿಗೆ. ಅಲ್ಲೂ ಎಲ್ಲ ಕಡೆ ಒಂದೇ ಕಾನೂನಿಲ್ಲ. ಹವಾಯಿಯಲ್ಲಿ ಯಾವ ಹಾವನ್ನೂ ಸಾಕುವಂತಿಲ್ಲ. ನ್ಯೂಯಾರ್ಕ್ ನಗರದಲ್ಲಿ ಪಾಪದ ಬಾಲ್ ಪೈಥಾನ್‌ಗೂ ಜಾಗವಿಲ್ಲ. ಫ್ಲಾರಿಡಾ 2021ರಲ್ಲಿ ಬರ್ಮೀಸ್, ರೆಟಿಕ್ಯುಲೇಟೆಡ್, ಸ್ಕ್ರಬ್ ಮುಂತಾದ ದೊಡ್ಡ ಜಾತಿಗಳನ್ನು ನಿಷೇಧಿಸಿತು. ಅಲ್ಲಿನ ಎವರ್‌ಗ್ಲೇಡ್ಸ್ ಜೌಗು ಪ್ರದೇಶದಲ್ಲಿ ಬರ್ಮೀಸ್ ಹೆಬ್ಬಾವು ಮಾಡಿರುವ ಅನಾಹುತ ನೋಡಿದರೆ ಅದರಲ್ಲಿ ತಪ್ಪೇನಿಲ್ಲ. ಆಸ್ಟ್ರೇಲಿಯಾದಲ್ಲಿ ಇದು ಪೂರ್ತಿ ಉಲ್ಟಾ: ಅಲ್ಲಿನ ನಾಡಹಾವುಗಳನ್ನು ರಾಜ್ಯದ ಲೈಸೆನ್ಸ್ ತೆಗೆದುಕೊಂಡು ಸಾಕಬಹುದು, ಹೊರಗಿನ ಜಾತಿ ಒಂದನ್ನೂ ಸಾಕುವಂತಿಲ್ಲ. ಮೆಲ್ಬರ್ನ್‌ನಲ್ಲಿರುವವರಿಗೆ ಬಾಲ್ ಪೈಥಾನೇ ಸಿಗುವುದಿಲ್ಲ, ಅಮೆರಿಕದಲ್ಲಿ ಅಪರೂಪ ಎನಿಸುವ ಸ್ಪಾಟೆಡ್ ಪೈಥಾನ್ ಸುಲಭವಾಗಿ ಸಿಗುತ್ತದೆ. ನ್ಯೂಜಿಲೆಂಡ್‌ನಲ್ಲಿ ಹಾವಿನ ಆಸೆಯನ್ನೇ ಬಿಡಬೇಕು. ಇದೆಲ್ಲದರ ಮೇಲೆ ಅಪಾರ್ಟ್‌ಮೆಂಟಿನ ಲೀಸ್ ಪತ್ರ ಬೇರೆ. ಸಹಿ ಹಾಕಿದ ಮೇಲೆ ಓದಿ ಪ್ರಯೋಜನವಿಲ್ಲ.

ಯಾವುದನ್ನು ನೋಡಿ ಅಳೆಯಬೇಕು

ಆಯಸ್ಸು. ಹೆಬ್ಬಾವು 20-30 ವರ್ಷ ಬದುಕುತ್ತದೆ. ಸೇಂಟ್ ಲೂಯಿಸ್ ಮೃಗಾಲಯಕ್ಕೆ 1961ರಲ್ಲಿ ಯಾರೋ ಕೊಟ್ಟ ಬಾಲ್ ಪೈಥಾನ್ ಒಂದು 2020ರಲ್ಲಿ ಮೊಟ್ಟೆ ಇಟ್ಟಿತು. ಆಗ ಅದಕ್ಕೆ 60 ದಾಟಿತ್ತು. ವೀಸಾ ಮೇಲಿರುವವರು ಇದನ್ನು ಗಂಭೀರವಾಗಿ ಯೋಚಿಸಬೇಕು. ಐದು ವರ್ಷ ಬಿಟ್ಟು ಊರಿಗೆ ವಾಪಸ್ ಹೊರಟರೆ ಹಾವನ್ನು ಜೊತೆಗೆ ಒಯ್ಯುವುದು ನಾಯಿಯನ್ನು ಒಯ್ದಷ್ಟು ಸಲೀಸಲ್ಲ. ಎರಡೂ ದೇಶಗಳ ಅನುಮತಿ ಬೇಕು, ಆಮದಿಗೆ ಲೈಸೆನ್ಸ್ ಬೇಕು. ಅಪರೂಪದ ಜಾತಿಯಾದರೆ ಅದನ್ನು ಸರಿಯಾಗಿ ನೋಡಿಕೊಳ್ಳುವ ಕೈ ಹುಡುಕುವುದೂ ಕಷ್ಟ.

ಗಾಳಿಯ ತೇವ. ನನ್ನ ಲೆಕ್ಕದಲ್ಲಿ ಇದೇ ಮುಖ್ಯ. ಡೆನ್ವರ್, ಮಿನಿಯಾಪೊಲಿಸ್ ಕಡೆ ಚಳಿಗಾಲದಲ್ಲಿ ಹೀಟರ್ ಓಡುವ ಮನೆಯಲ್ಲಿ ತೇವಾಂಶ ಶೇ. 20-30ಕ್ಕೆ ಇಳಿಯುತ್ತದೆ. ಶೇ. 60-70 ಬೇಕಾದ ಹಾವಿಗೆ ಅಲ್ಲಿ ಪೊರೆ ಸರಿಯಾಗಿ ಕಳಚುವುದಿಲ್ಲ, ತುಂಡು ತುಂಡಾಗಿ ಮೈಗೆ ಅಂಟಿಕೊಂಡು ಕೂರುತ್ತದೆ. ಬಾಲದ ತುದಿಯಲ್ಲಿ ಉಂಗುರದ ಹಾಗೆ ಉಳಿದ ಪೊರೆ ಬಿಗಿದರೆ ರಕ್ತ ಓಡದೆ ಆ ತುದಿಯೇ ಸತ್ತುಹೋಗುತ್ತದೆ. ಒಣ ನಾಡಿನ ಹಾವನ್ನು ಸದಾ ಒದ್ದೆ ಪೆಟ್ಟಿಗೆಯಲ್ಲಿ ಇಟ್ಟರೂ ಕಷ್ಟ, ಉಸಿರಾಟದ ಸೋಂಕು ತಗಲುತ್ತದೆ.

ಊರಿನ ಪ್ರವಾಸ. ಬೆಳೆದ, ಆರೋಗ್ಯವಾಗಿರುವ ಹೆಬ್ಬಾವಿಗೆ ಒಂದು ತಿಂಗಳು ಊಟ ಇಲ್ಲದಿದ್ದರೆ ಏನೂ ಆಗುವುದಿಲ್ಲ. ನೀರು ಬದಲಾಯಿಸಬೇಕು, ಬಿಸಿ ಸರಿಯಾಗಿದೆಯೇ ನೋಡಬೇಕು. ವಾರಕ್ಕೆರಡು ಸಲ ಯಾರಾದರೂ ಬಂದು ನೋಡಿದರೆ ಸಾಕು. ಆದರೆ ದಿನಾ ನೀರು ಸಿಂಪಡಿಸಬೇಕಾದ ಜಾತಿಯನ್ನು ಹಾಗೆ ಬಿಟ್ಟು ಹೋಗಲು ಆಗುವುದಿಲ್ಲ.

ಮನೆಯಲ್ಲಿ ಯಾರಿದ್ದಾರೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಸರೀಸೃಪಗಳ ಮೈಯಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಐದು ವರ್ಷದ ಒಳಗಿನ ಮಕ್ಕಳು, 65 ದಾಟಿದವರು ಇರುವ ಮನೆಗೆ ಇವು ಬೇಡ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುತ್ತದೆ. ಅಪ್ಪ ಅಮ್ಮ ವರ್ಷಕ್ಕೆ ಆರು ತಿಂಗಳು ಬಂದು ಇರುವವರು ಇದನ್ನು ಮರೆಯಬಾರದು. ಮತ್ತೆ ಫ್ರೀಜರ್! ಹಾವಿಗೆ ಹಾಕುವುದು ಫ್ರೋಜನ್ ಇಲಿ. ಕಾಯಿತುರಿ, ಹುರಿದ ಅವರೆಕಾಳಿನ ಪಕ್ಕದಲ್ಲಿ ಅಮ್ಮನ ಕಣ್ಣಿಗೆ ಇಲಿಯ ಪ್ಯಾಕೆಟ್ ಬಿದ್ದರೆ ಆಮೇಲೆ ಹಾವಿನ ಮಾತೇ ಬೇಡ. ಚಿಕ್ಕದೊಂದು ಬೇರೆ ಫ್ರೀಜರ್ ಬಜೆಟ್ಟಿನಲ್ಲೇ ಸೇರಿಸಿಕೊಳ್ಳಿ.

ಕೊನೆಯದು, ನಿಮಗೆ ಕೈಯಲ್ಲಿ ಹಿಡಿಯುವ ಹಾವು ಬೇಕೋ, ನೋಡಿ ಖುಷಿ ಪಡುವ ಹಾವು ಬೇಕೋ? ಎರಡೂ ಬೇಕು ಅಂದರೆ ಚೆಂದದ ಕೆಲವನ್ನು ಈಗಲೇ ಬಿಡಬೇಕಾಗುತ್ತದೆ.

ಒಣ ಮನೆಯವರಿಗೆ

ಸ್ಪಾಟೆಡ್ ಪೈಥಾನ್, ಅದರ ಹತ್ತಿರದ ನೆಂಟ ಚಿಲ್ಡ್ರನ್ಸ್ ಪೈಥಾನ್. ಹೆಸರು ಕೇಳಿ ಮಕ್ಕಳಿಗೆಂದೇ ಇರುವ ಹಾವು ಅಂದುಕೊಳ್ಳಬೇಡಿ, ಅದು ಜಾನ್ ಜಾರ್ಜ್ ಚಿಲ್ಡ್ರನ್ ಎಂಬ ಬ್ರಿಟಿಷ್ ಮ್ಯೂಸಿಯಮ್ಮಿನ ವಿಜ್ಞಾನಿಯ ಹೆಸರು. ಬೆಳೆದರೂ ಒಂದು ಮೀಟರ್ ಆಸುಪಾಸು. 90 ಸೆಂಟಿಮೀಟರ್ ಉದ್ದದ ಪೆಟ್ಟಿಗೆಯಲ್ಲಿ ಆರಾಮಾಗಿ ಇರುತ್ತದೆ. ಊಟಕ್ಕೆ ಸಣ್ಣ ಇಲಿ ಸಾಕು. ಮನೆಯ ಮಾಮೂಲಿ ಗಾಳಿ ನಡೆಯುತ್ತದೆ, ಪೊರೆ ಬಿಡುವಾಗ ಮಾತ್ರ ಒದ್ದೆ ಪಾಚಿ ಹಾಕಿದ ಒಂದು ಡಬ್ಬಿ ಇಡಬೇಕು. ಬಾಲ್ ಪೈಥಾನ್ ಸಾಕಿದವರು ಅದರ ಉಪವಾಸ ನೋಡಿ ಕಂಗಾಲಾಗುತ್ತಾರಲ್ವಾ, ತಿಂಗಳುಗಟ್ಟಲೆ ಬಾಯಿ ತೆರೆಯದೆ ಕೂತುಬಿಡುತ್ತದೆ. ಸ್ಪಾಟೆಡ್ ಹಾಗಲ್ಲ, ಊಟಕ್ಕೆ ಸದಾ ಸಿದ್ಧ. ಕ್ವೀನ್ಸ್‌ಲ್ಯಾಂಡಿನ ಮೌಂಟ್ ಎಟ್ನಾ ಗುಹೆಗಳ ಬಾಯಲ್ಲಿ ಸಂಜೆ ಬಾವಲಿಗಳು ಹೊರಗೆ ಹಾರುವ ಹೊತ್ತಿಗೆ ಈ ಹಾವುಗಳು ಬಂಡೆಗೆ ಜೋತುಬಿದ್ದು ಗಾಳಿಯಲ್ಲೇ ಗಬಕ್ಕನೆ ಹಿಡಿಯುತ್ತವೆ. ಮನೆಯಲ್ಲೂ ಅದೇ ಚುರುಕು. ತೊಂದರೆ ಇರುವುದು ಮರಿಯಲ್ಲಿ. ಆಗಷ್ಟೇ ಒಡೆದ ಮರಿಗೆ ಕೂದಲು ಬಾರದ ಗುಲಾಬಿ ಇಲಿಮರಿಯೂ ದೊಡ್ಡ ತುತ್ತು. ಕೆಲವು ಮರಿಗಳು ಹಲ್ಲಿಯ ವಾಸನೆ ಹಚ್ಚದ ಹೊರತು ಇಲಿಯನ್ನು ಮೂಸಿಯೂ ನೋಡುವುದಿಲ್ಲ. ಜೊತೆಗೆ ಚಿಟ್ ಅಂತ ಕಚ್ಚುವ ಅಭ್ಯಾಸ ಬೇರೆ. ಒಂದು ವರ್ಷ ತುಂಬಿದ, ಇಲಿ ತಿನ್ನುವುದು ರೂಢಿಯಾದ ಹಾವು ತೆಗೆದುಕೊಂಡರೆ ಈ ಎರಡು ತಾಪತ್ರಯವೂ ಕಡಿಮೆ. ಬೆಲೆ 150ರಿಂದ 300 ಡಾಲರ್. ಸಣ್ಣ ಅಪಾರ್ಟ್‌ಮೆಂಟ್, ಮೊದಲ ಹಾವು, ವರ್ಷಕ್ಕೊಮ್ಮೆ ಊರಿಗೆ ಹೋಗುವವರು, ಈ ಮೂರೂ ನೀವಾದರೆ ಮುಂದೆ ಓದದಿದ್ದರೂ ನಡೆಯುತ್ತದೆ.

ವೋಮಾ. ಆಸ್ಟ್ರೇಲಿಯಾದ ನಡುನಾಡಿನ ಮರಳಿನ ಹಾವು, ಒಂದೂವರೆ ಮೀಟರ್ ಹತ್ತಿರ. ಸಾಮಾನ್ಯವಾಗಿ ಹೆಬ್ಬಾವಿನ ತುಟಿಯ ಮೇಲೆ ಬಿಸಿ ಗ್ರಹಿಸುವ ಗುಳಿಗಳಿರುತ್ತವೆ. ವೋಮಾಗೂ ಅದರ ನೆಂಟ ಬ್ಲ್ಯಾಕ್ ಹೆಡೆಡ್ ಪೈಥಾನ್‌ಗೂ ಅವು ಇಲ್ಲ. ಇವು ಕಾಡಿನಲ್ಲಿ ಜಾಸ್ತಿ ತಿನ್ನುವುದು ಹಲ್ಲಿ, ಓತಿ, ಬೇರೆ ಹಾವುಗಳನ್ನು. ತಣ್ಣನೆಯ ಮೈಯ ಬೇಟೆಗೆ ಬಿಸಿ ಹುಡುಕುವ ಗುಳಿ ಅಷ್ಟಾಗಿ ಬೇಕಿಲ್ಲ. ಬಿಲದೊಳಗೆ ಸುತ್ತು ಹಾಕಿ ಅಮುಕಲು ಜಾಗ ಇರುವುದಿಲ್ಲವಾದ್ದರಿಂದ ಮೈಯನ್ನು ಬಗ್ಗಿಸಿ ಬೇಟೆಯನ್ನು ಬಿಲದ ಗೋಡೆಗೇ ಒತ್ತಿ ಸಾಯಿಸುತ್ತದೆ. ಪೆಟ್ಟಿಗೆಯಲ್ಲೂ ಈ ಚಾಳಿ ಬಿಡುವುದಿಲ್ಲ. ಇಕ್ಕಳದಲ್ಲಿ ಇಲಿ ಕೊಟ್ಟರೆ ಹಿಡಿದು, ಎಳೆದುಕೊಂಡು ಹೋಗಿ, ಗಾಜಿಗೆ ಒತ್ತಿಕೊಂಡು ಮಲಗುತ್ತದೆ. ಹಸಿದಾಗ ಬಾಲದ ತುದಿಯನ್ನು ಹುಳದಂತೆ ಕುಣಿಸಿ ಬೇಟೆಯನ್ನು ಕರೆಯುವುದೂ ಉಂಟು. ನೋಡುತ್ತಾ ಕೂತರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ.

ಸ್ವಭಾವ ಸಾಧು, ಆದರೆ ಹೊಟ್ಟೆಬಾಕ. ಬಾಗಿಲು ತೆರೆದರೆ ಬಂದದ್ದು ಊಟವೇ ಅಂತ ಅದರ ನಂಬಿಕೆ. ನಿಮ್ಮ ಕೈಯೂ ಅದಕ್ಕೆ ಊಟವೇ. ಹಿಡಿಯುವ ಮೊದಲು ಸ್ನೇಕ್ ಹುಕ್ ಎಂಬ ಕೊಕ್ಕೆಯ ಕೋಲಿನಿಂದ ಮೈಯನ್ನು ಮೆಲ್ಲಗೆ ಮುಟ್ಟಿ ಇದು ಊಟವಲ್ಲ ಎಂದು ತಿಳಿಸುವ ರೂಢಿ ಮಾಡಿಕೊಳ್ಳಬೇಕು. ಒಮ್ಮೆ ಅದು ಊಟದ ಗುಂಗಿನಿಂದ ಹೊರಬಂದರೆ ತೋಳಿನ ಮೇಲೆ ಸುಮ್ನೆ ಹರಿದಾಡುತ್ತದೆ. ಕೇಳಿದಾಗೆಲ್ಲ ಹಾಕಿದರೆ ಕೊಬ್ಬು ಬೆಳೆದು ಕೆಡುತ್ತದೆ, ಲೆಕ್ಕ ಇಡಬೇಕು. ಬಿಸಿ ಕಾಯಿಸಿಕೊಳ್ಳುವ ಜಾಗ 33-35 ಡಿಗ್ರಿ, ಉಳಿದ ಕಡೆ ತಂಪು, ಅಗೆಯಲು ದಪ್ಪ ಮಣ್ಣಿನ ಹಾಸು, ಒಳ್ಳೆ ಗಾಳಿ. ಫೀನಿಕ್ಸ್, ಡೆನ್ವರ್‌ನ ಮನೆಗಳಿಗೆ ಹೇಳಿ ಮಾಡಿಸಿದ್ದು. ಬೆಲೆ 300ರಿಂದ 600 ಡಾಲರ್. ಮನೆಯಲ್ಲಿ ಹುಕ್ ಹಿಡಿಯದೆ ಕೈ ಹಾಕುವ ಮಕ್ಕಳಿದ್ದರೆ ಮಾತ್ರ ಬೇಡ. ಬ್ಲ್ಯಾಕ್ ಹೆಡೆಡ್ ಇದಕ್ಕಿಂತ ಉದ್ದ, ಎರಡು ಮೀಟರ್ ದಾಟುತ್ತದೆ, ಬೆಲೆಯೂ ಎಷ್ಟೋ ಜಾಸ್ತಿ. ವೋಮಾ ಸಾಕಿ ಪಳಗಿದ ಮೇಲೆ ಅದರ ಯೋಚನೆ ಮಾಡಿ.

ಬ್ರೆಡ್ಲ್ಸ್ ಪೈಥಾನ್. ಆಲಿಸ್ ಸ್ಪ್ರಿಂಗ್ಸ್ ಸುತ್ತಲಿನ ಕಲ್ಲುಗುಡ್ಡಗಳದ್ದು, ಇಟ್ಟಿಗೆ ಕೆಂಪು ಬಣ್ಣ. ಕಾರ್ಪೆಟ್ ಪೈಥಾನ್ ಕುಲದ್ದು, ಆದರೆ ಅವುಗಳಲ್ಲಿ ಕೆಲವಕ್ಕಿರುವ ಸಿಡುಕು ಇದಕ್ಕೆ ಕಡಿಮೆ. ಅದರ ನಾಡಿನಲ್ಲಿ ರಾತ್ರಿ ಚಳಿ ಜೋರು, ಹಾಗಾಗಿ ಬಿಸಿ ಸ್ವಲ್ಪ ಏರುಪೇರಾದರೂ ತಡೆದುಕೊಳ್ಳುತ್ತದೆ. ನನ್ನನ್ನು ಕೇಳಿದರೆ ಈ ಪಟ್ಟಿಯಲ್ಲಿ ತಪ್ಪನ್ನು ಅತಿ ಹೆಚ್ಚು ಕ್ಷಮಿಸುವ ಹಾವು ಇದೇ. ಅಡ್ಡಿ ಬರುವುದು ಅದರ ಅಳತೆ. ಎರಡು ಮೀಟರ್ ಮೇಲೆ ಬೆಳೆಯುತ್ತದೆ, ಕೊಂಬೆ ಹತ್ತುವುದೆಂದರೆ ಇಷ್ಟ. 120 ಸೆಂಟಿಮೀಟರ್ ಉದ್ದ, 60 ಎತ್ತರದ ಪೆಟ್ಟಿಗೆಯಿಂದ ಶುರು ಮಾಡಿದರೂ ಮುಂದೆ ಇನ್ನೂ ದೊಡ್ಡದಕ್ಕೆ ಜಾಗ ಬೇಕು. ಸ್ವಂತ ಮನೆ ಇದ್ದು, ಕೈತುಂಬ ಹಿಡಿಯುವ ದೊಡ್ಡ ಹಾವು ಬೇಕು ಅನ್ನುವವರಿಗೆ 250ರಿಂದ 500 ಡಾಲರಿಗೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ.

ಅಂಗೋಲನ್ ಪೈಥಾನ್ ಬಗ್ಗೆ ಒಂದೆರಡು ಮಾತು ಸಾಕು. ಬಾಲ್ ಪೈಥಾನಿನ ಸೋದರಸಂಬಂಧಿ, ತಲೆಯ ಮೇಲೆ ಮಣಿ ಪೋಣಿಸಿದಂಥ ಹುರುಪೆ. ಅಂಗೋಲಾದಲ್ಲಿ 2002ರವರೆಗೂ ಅಂತರ್ಯುದ್ಧ ಇದ್ದುದರಿಂದ ಹೊರಗೆ ಬಂದದ್ದೇ ಕಡಿಮೆ. ಸಾಕುವುದು ಕಷ್ಟವಲ್ಲ, ಬೆಲೆ ಕಷ್ಟ. ಬಾಲ್ ಪೈಥಾನಿನ ಗುಣವೇ ಬೇಕು, ಜೇಬೂ ಗಟ್ಟಿ ಇದೆ ಅನ್ನುವವರು ನೋಡಬಹುದು.

ತೇವ ಇರುವ ಮನೆಯವರಿಗೆ

ಬ್ಲಡ್ ಪೈಥಾನ್, ಬೋರ್ನಿಯೋ ಶಾರ್ಟ್ ಟೈಲ್. ಮಲೇಷ್ಯಾ, ಸುಮಾತ್ರಾ, ಬೋರ್ನಿಯೋದ ಜೌಗಿನ ಹಾವುಗಳು. ಉದ್ದ ಒಂದೂವರೆ ಮೀಟರ್ ಅಷ್ಟೇ, ಆದರೆ ಒನಕೆ ಗಾತ್ರದ ಮೈ. ದೊಡ್ಡ ಹೆಣ್ಣು ಏಳೆಂಟು ಕಿಲೋ ತೂಗುತ್ತದೆ. ಇವಕ್ಕೆ ಮುಂಗೋಪಿ ಅನ್ನುವ ಹೆಸರಿದೆ. ಅದು ಬಹುಮಟ್ಟಿಗೆ ಕಾಡಿನಿಂದ ಹಿಡಿದು ತಂದ ಹಾವುಗಳಿಂದ ಬಂದದ್ದು. ಇವನ್ನು ಚರ್ಮದ ವ್ಯಾಪಾರಕ್ಕೂ ಲೆಕ್ಕವಿಲ್ಲದಷ್ಟು ಹಿಡಿಯುತ್ತಾರೆ. ಮನೆಯಲ್ಲೇ ಹುಟ್ಟಿ, ಮರಿಯಿಂದ ಮನುಷ್ಯರ ಕೈ ಕಂಡ ಹಾವು ಬೇರೆಯೇ ಥರ. ಬುಸ್ ಅನ್ನುತ್ತದೆ, ಬಹಳ ಸಲ ಅಷ್ಟಕ್ಕೇ ನಿಲ್ಲುತ್ತದೆ. ಎತ್ತುವಾಗ ಮೈಯ ಅಡಿಯಿಂದ ಎರಡೂ ಕೈ ಕೊಟ್ಟು ಭಾರ ತಡೆಯಬೇಕು. ಮೇಲಿನಿಂದ ಗಬಕ್ಕನೆ ಹಿಡಿದರೆ ಹೆದರಿ ಒದ್ದಾಡುತ್ತದೆ.

ಎರಡು ವಿಷಯ ಗೊತ್ತಿರಲಿ. ಒಂದು, ಇದಕ್ಕೆ ಬಿಸಿ ಜಾಸ್ತಿ ಆಗಬಾರದು. 26-30 ಡಿಗ್ರಿ ಸಾಕು, ತೇವ ಶೇ. 60-70 ಇರಬೇಕು. ಇನ್ನೊಂದು, ನಿಧಾನ ಜೀರ್ಣ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹೊಟ್ಟೆ ಖಾಲಿ ಮಾಡುವುದಿಲ್ಲ. ಹೊಸಬರು ಗಾಬರಿಯಾಗುತ್ತಾರೆ. ಮಾಡಿದ ದಿನ ಇಡೀ ಪೆಟ್ಟಿಗೆ ತೊಳೆಯಬೇಕು, ಆ ವಾಸನೆಗೆ ಮನೆಯವರೆಲ್ಲ ಕಿಟಕಿ ತೆಗೆಯುತ್ತಾರೆ. ಬೋರ್ನಿಯೋ 150-300 ಡಾಲರಿಗೆ ಸಿಗುತ್ತದೆ, ಅಷ್ಟು ದುಡ್ಡಿಗೆ ಇಷ್ಟು ಹಾವು ಬೇರೆ ಇಲ್ಲ. ಹ್ಯೂಸ್ಟನ್ ಕಡೆ ಸುಲಭ. ಕೊಲೊರಾಡೋದಲ್ಲಿ ಸಾಕಲೇಬೇಕೆಂದರೆ ಗಾಜಿನ, ಜಾಲರಿ ಮುಚ್ಚಳದ ಟ್ಯಾಂಕ್ ಬೇಡ, ತೇವ ಹಿಡಿದಿಡುವ ಪಿವಿಸಿ ಪೆಟ್ಟಿಗೆಯೇ ಬೇಕು.

ಗ್ರೀನ್ ಟ್ರೀ ಪೈಥಾನ್. ಎಲ್ಲರ ಕನಸು ಇದೇ. ಮೊಟ್ಟೆಯಿಂದ ಹಳದಿಯಾಗಿಯೋ ಕಡುಗೆಂಪಾಗಿಯೋ ಬರುತ್ತದೆ, ಆಮೇಲೆ ತಿಂಗಳುಗಳು ಕಳೆದಂತೆ ಹಸಿರಾಗುತ್ತದೆ. ಹಗಲೆಲ್ಲ ಕೊಂಬೆಯ ಮೇಲೆ ಸುರುಳಿ ಸುತ್ತಿ, ತಲೆಯನ್ನು ನಡುವೆ ಇಟ್ಟು ಅಲುಗದೆ ಕೂತಿರುತ್ತದೆ. ಹಾಗೆ ಕೂರುವುದೇ ಅದರ ಚೆಂದ. ಕೊಂಬೆಯಿಂದ ಬಿಡಿಸಿ ತೆಗೆಯಲು ಹೋದರೆ ಕಚ್ಚುತ್ತದೆ, ಹಲ್ಲು ಉದ್ದ. ಮರಿಯನ್ನು ಎಳೆದಾಡಿದರೆ ಬೆನ್ನೆಲುಬಿಗೇ ಪೆಟ್ಟು. ಸಂಜೆ ನೀರು ಸಿಂಪಡಿಸಿದರೆ ಮೈಮೇಲಿನ ಹನಿಗಳನ್ನೇ ಹೀರಿ ಕುಡಿಯುತ್ತದೆ. ಆಮೇಲೆ ಪೆಟ್ಟಿಗೆ ಒಣಗಬೇಕು, ಸದಾ ತೊಟ್ಟಿಕ್ಕುತ್ತಿರಬಾರದು. ನೀರು ಕಡಿಮೆಯಾಗಿ ಊಟ ಜಾಸ್ತಿಯಾದರೆ ಮಲಬದ್ಧತೆ, ಕರುಳು ಹೊರಬರುವ ತೊಂದರೆ ಕಾಡುತ್ತದೆ. ಆರು ವಾರ ಬೆಂಗಳೂರಿಗೆ ಹೋಗುವವರಿಗೆ ಇದು ಬೇಡವೇ ಬೇಡ ಅನ್ನುತ್ತೇನೆ. ತಾನೇ ನೀರು ಸಿಂಪಡಿಸುವ ಆಟೋಮ್ಯಾಟಿಕ್ ಮಿಸ್ಟರ್ ಯಂತ್ರ ಇದೆಯಲ್ಲ ಅನ್ನುತ್ತೀರಿ. ಇದೆ. ಅದರ ನಾಝಲ್ ಕಟ್ಟಿಕೊಳ್ಳುವುದೂ ಇದೆ.

ಇದರಲ್ಲಿ ಇನ್ನೊಂದು ಕಗ್ಗಂಟು. ಇಂಡೋನೇಷ್ಯಾದಿಂದ ಫಾರಂನಲ್ಲಿ ಹುಟ್ಟಿದ್ದು ಅಂತ ಕಾಗದ ಮಾಡಿಸಿ ಬಂದ ಗ್ರೀನ್ ಟ್ರೀ ಪೈಥಾನ್‌ಗಳಲ್ಲಿ ಶೇ. 80ರಷ್ಟಾದರೂ ಕಾಡಿನಿಂದಲೇ ಹಿಡಿದವು ಎಂದು 2011ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಗ್ಗವಾಗಿ ಸಿಗುವ ಆಮದಿನ ಮರಿ ಹುಳ, ಸೋಂಕು ಎಲ್ಲ ಹೊತ್ತುಕೊಂಡು ಬರುತ್ತದೆ, ಅದನ್ನು ತಿನ್ನಿಸುವುದೇ ಒಂದು ಸಾಹಸ. ಅಮೆರಿಕದಲ್ಲೇ ಹುಟ್ಟಿದ್ದಕ್ಕೆ 400ರಿಂದ 1000 ಡಾಲರ್, ಕೆಲವು ಅದಕ್ಕೂ ಮೇಲೆ. ಅಷ್ಟು ಕೊಡಲು ಆಗದಿದ್ದರೆ ಕಾಯಿರಿ, ಅಗ್ಗದ್ದಕ್ಕೆ ಹೋಗಬೇಡಿ.

ವೈಟ್ ಲಿಪ್ಡ್ ಪೈಥಾನ್ ಬಿಸಿಲು ತಾಗಿದರೆ ಕಾಮನಬಿಲ್ಲು ಮೈಮೇಲೆ ಹರಿಯುತ್ತದೆ. ಎರಡು ಮೀಟರ್ ಉದ್ದ, ಚುರುಕು, ಸಿಟ್ಟು, ಸದಾ ತೇವ ಬೇಕು. ತಿಂದ ಇಲಿಯ ಕೂದಲನ್ನು ಉಂಡೆ ಮಾಡಿ ಕಕ್ಕುವುದೂ ಇದೆ, ಅದನ್ನು ಕಾಯಿಲೆ ಅಂತ ತಿಳಿಯಬಾರದು. ಎರಡು ಮೂರು ಜಾತಿ ಸಾಕಿ ಕೈ ಪಳಗಿದವರಿಗೆ ಮಾತ್ರ. ನ್ಯೂಗಿನಿಯ ಎತ್ತರದ ಬೆಟ್ಟಗಳ ಕಪ್ಪು ಬೋಲೆನ್ಸ್ ಪೈಥಾನ್ ಸಾವಿರಾರು ಡಾಲರಿನದು. ಸೆರೆಯಲ್ಲಿ ಮರಿ ಮಾಡುವುದೇ ಅಪರೂಪ. ಫೋಟೋ ನೋಡಿ ಸಂತೋಷಪಡಿ.

ದುಡ್ಡಿನ ಲೆಕ್ಕ

ಹಾವಿನ ಬೆಲೆಯನ್ನೇ ಖರ್ಚು ಅಂದುಕೊಂಡರೆ ಮೋಸ ಹೋಗುತ್ತೀರಿ. ನಾಲ್ಕು ಅಡಿಯ ಪಿವಿಸಿ ಪೆಟ್ಟಿಗೆಗೆ 300-500 ಡಾಲರ್. ನಂಬಬಹುದಾದ ಥರ್ಮೋಸ್ಟಾಟ್‌ಗೆ ನೂರರ ಆಚೀಚೆ. ಇದರಲ್ಲಿ ಮಾತ್ರ ಉಳಿಸಲು ಹೋಗಬೇಡಿ, ಥರ್ಮೋಸ್ಟಾಟ್ ಇಲ್ಲದ ಹೀಟ್ ಪ್ಯಾಡ್ ಹಾವಿನ ಹೊಟ್ಟೆಯ ಚರ್ಮವನ್ನು ಸುಟ್ಟುಬಿಡುತ್ತದೆ. ಹಾವಿಗೆ ನೋವು ಗೊತ್ತಾಗಿ ಸರಿಯುತ್ತದೆ ಅಂದುಕೊಂಡರೆ, ಅದು ಸರಿಯದೆ ಅಲ್ಲೇ ಮಲಗಿರುತ್ತದೆ. ದೀಪ, ಅಡಗುತಾಣ, ತೇವದ ಮೀಟರ್ ಸೇರಿ ಇನ್ನೊಂದು ನೂರು. ಸ್ಪಾಟೆಡ್‌ಗೆ ಇದೆಲ್ಲ ಅರ್ಧಕ್ಕೆ ಮುಗಿಯುತ್ತದೆ. ಬ್ರೆಡ್ಲ್ಸ್‌ಗೆ ಇದು ಬರೀ ಆರಂಭ.

ಎಲ್ಲ ಪಶುವೈದ್ಯರೂ ಹಾವು ನೋಡುವುದಿಲ್ಲ. ಸರೀಸೃಪ ಮತ್ತು ಉಭಯಚರಗಳ ಪಶುವೈದ್ಯರ ಸಂಘದ ಜಾಲತಾಣದಲ್ಲಿ ಊರಿನ ಪ್ರಕಾರ ಹುಡುಕಬಹುದು. ಹಾವು ತರುವ ಮೊದಲೇ ಹುಡುಕಿ. ಎರಡು ಗಂಟೆ ದಾರಿಯೊಳಗೆ ಯಾರೂ ಇಲ್ಲದಿದ್ದರೆ ಗಟ್ಟಿಮುಟ್ಟಾದ ಜಾತಿಯ ಕಡೆಗೇ ವಾಲುವುದು ಒಳ್ಳೆಯದು.

ಕೊಳ್ಳುವಾಗ

ಮಾರುವವರನ್ನು ಕೇಳಬೇಕಾದ್ದು: ಎಲ್ಲಿ ಹುಟ್ಟಿತು, ತಂದೆ ತಾಯಿಯ ಫೋಟೋ ಇದೆಯೇ, ಫ್ರೋಜನ್ ಇಲಿಯನ್ನು ಎಷ್ಟು ಸಲ ತಿಂದಿದೆ, ಕೊನೆಯ ಸಲ ಪೊರೆ ಇಡಿಯಾಗಿ ಬಂತೇ. ನಿಡೋವೈರಸ್ ಪರೀಕ್ಷೆ ಮಾಡಿಸಿದ್ದಾರೆಯೇ ಅಂತಲೂ ಕೇಳಿ. ಹೆಬ್ಬಾವುಗಳ ಉಸಿರಾಟಕ್ಕೆ ಕುತ್ತು ತರುವ ಈ ವೈರಸ್ ಗ್ರೀನ್ ಟ್ರೀ ಪೈಥಾನ್‌ಗಳನ್ನು ಬಹಳ ಕಾಡಿದೆ. ಬಾಯಿಯ ಸ್ವಾಬ್ ತೆಗೆದು ಪಿಸಿಆರ್ ಮಾಡಿಸಬಹುದು. ಒಳ್ಳೆಯ ಬ್ರೀಡರ್‌ಗೆ ಈ ಪ್ರಶ್ನೆ ಕೇಳಿದರೆ ಬೇಸರ ಆಗುವುದಿಲ್ಲ. ಮುಖ ಸಿಂಡರಿಸಿದರೆ ಅಲ್ಲಿಂದ ಎದ್ದು ಬನ್ನಿ. ಮನೆಯಲ್ಲಿ ಆಗಲೇ ಹಾವಿದ್ದರೆ ಹೊಸದನ್ನು ಮೂರು ತಿಂಗಳಾದರೂ ಬೇರೆ ಕೋಣೆಯಲ್ಲಿ ಇಡಿ, ಬೇರೆ ಇಕ್ಕಳ ಬಳಸಿ.

ಅಮೆರಿಕದಲ್ಲಿ ಮರಿಗಳು ಹೆಚ್ಚಾಗಿ ಒಡೆಯುವುದು ಬೇಸಿಗೆಯಲ್ಲಿ, ಮಾರಾಟದ ಭರಾಟೆ ಶುರುವಾಗುವುದು ಅದರ ಹಿಂದೆಯೇ. ಡಿಸೆಂಬರಿನಲ್ಲಿ ಊರಿಗೆ ಹೋಗುವ ಪ್ಲಾನ್ ಇದ್ದರೆ ಮೊದಲು ಹೋಗಿ ಬನ್ನಿ, ಹಾವನ್ನು ಏಪ್ರಿಲ್‌ನಲ್ಲಿ ತರಿಸಿಕೊಳ್ಳಿ. ಅಷ್ಟೊತ್ತಿಗೆ ಮರಿ ಏಳೆಂಟು ತಿಂಗಳದ್ದಾಗಿ ತಿನ್ನುವುದು ಕಲಿತಿರುತ್ತದೆ, ಕೊರಿಯರ್ ಪೆಟ್ಟಿಗೆಯಲ್ಲಿ ಚಳಿಗೆ ಸಿಕ್ಕಿ ಸಾಯುವ ಭಯವೂ ಇರುವುದಿಲ್ಲ.